ಯಜಮಾನರ ಹೆಸರೇನು?

ಅಕ್ಕಂದಿರೇ,

ಕಳೆದ ದೀಪಾವಳಿಗೆ ಮುಂಚೆ ನಮ್ಮ ವ್ಯಾಪ್ತಿಯ ಹಾಲು ಉತ್ಪಾದಕರೊಬ್ಬರು ಎದೆನೋವಿನಿಂದ ತೀರಿಕೊಂಡರು. ವಯಸ್ಸು ಐವತ್ತು ದಾಟಿರಲಿಲ್ಲ. ಹೆಸರು ಹಾಕುವುದು ಬೇಡವೆಂದು ಮನೆಯವರು ಹೇಳಿದ್ದಾರೆ, ಹಾಕುವುದಿಲ್ಲ. ಆದರೆ ಆ ಮನುಷ್ಯನ ಬಗ್ಗೆ ಬರೆಯದೆ ಇರಲಾರೆ.

ಅವರ ಹಸುಗಳಿಗೆಲ್ಲ ಸಿನಿಮಾ ನಟಿಯರ ಹೆಸರು. ಒದೆಯುವ ಎಚ್‌ಎಫ್ ಹಸು ಮಂಜುಳಾ, ಸಾಧು ಜೆರ್ಸಿ ಲೀಲಾವತಿ. "ಡಾಕ್ಟ್ರೇ, ಮಂಜುಳಾಗೆ ಬೆಳಗ್ಗೆಯಿಂದ ಮುನಿಸು, ಮೇವು ಮುಟ್ಟಿಲ್ಲ" ಎಂದು ಫೋನ್ ಮಾಡುತ್ತಿದ್ದರು. ಊರಿನ ಕುರುಕ್ಷೇತ್ರ ನಾಟಕದಲ್ಲಿ ಅವರದು ಶಕುನಿ ಪಾತ್ರ. ರಾತ್ರಿಯಿಡೀ ಆಡಿ, ಮುಖದ ಬಣ್ಣವನ್ನು ಪೂರ್ತಿ ಒರೆಸದೆ, ಬೆಳಗ್ಗೆ ಆರಕ್ಕೆ ಟಿವಿಎಸ್ ಮೇಲೆ ಕ್ಯಾನ್ ಇಟ್ಟುಕೊಂಡು ಡೇರಿ ಮುಂದೆ ಹಾಜರು. ಸಾಲಿನಲ್ಲಿದ್ದವರು ನಗುತ್ತಿದ್ದರೆ ಅವರಿಗೆ ಅದೇ ಸಂಭಾವನೆ. ಬಟವಾಡೆ ದಿನ ಇಬ್ಬರು ಹೆಣ್ಣುಮಕ್ಕಳಿಗೆ ಖಾರ ಮಿಕ್ಸ್ಚರ್ ಪೊಟ್ಟಣ ತಪ್ಪದು.

ಒಮ್ಮೆ ನಡುರಾತ್ರಿ ಮಂಜುಳಾ ಕರು ಹಾಕಲಾರದೆ ಒದ್ದಾಡಿತು. ಕರುವಿನ ಮುಂಗಾಲು ಮಡಚಿಕೊಂಡಿತ್ತು. ಅವರು ಟಾರ್ಚ್ ಹಿಡಿದು ಹಸುವಿನ ಕಿವಿಯಲ್ಲಿ ಶಕುನಿಯ ಮಾತು ಹೇಳುತ್ತಾ ಸಮಾಧಾನ ಮಾಡುತ್ತಿದ್ದರು. ಕಾಲು ಸರಿಮಾಡಿದ ಮೇಲೆ ನನ್ನ ಜೊತೆ ಹಗ್ಗ ಎಳೆದದ್ದು ಅವರ ಹೆಂಡತಿ. ಕೃತಕ ಗರ್ಭಧಾರಣೆ ಮಾಡಿಸಿದ ತಾರೀಖು, ಹಿಂದಿನ ಸೂಲಿನಲ್ಲಿ ಯಾವ ಮೊಲೆಗೆ ಕೆಚ್ಚಲು ಬಾವು ಬಂದಿತ್ತು, ಎಲ್ಲ ಆಕೆಯ ಬಾಯಲ್ಲೇ. "ನಾನು ಬರೀ ಡ್ರೈವರ್ ಡಾಕ್ಟ್ರೇ, ಓನರ್ ಇವಳು" ಎಂದು ಅವರೇ ಹೇಳುತ್ತಿದ್ದರು.

ಆ ಮಾತು ಕಾಗದಕ್ಕೆ ಮಾತ್ರ ಇಳಿಯಲಿಲ್ಲ. ಸಂಘದ ಸದಸ್ಯತ್ವ, ಬ್ಯಾಂಕ್ ಪಾಸ್‌ಬುಕ್, ಹಸುವಿನ ವಿಮೆ ಎಲ್ಲವೂ ಅವರ ಹೆಸರಿನಲ್ಲೇ ಇದ್ದವು. ಮನೆಯಲ್ಲಿ ಸಾವಾದರೂ ಕೆಚ್ಚಲು ಕಾಯುವುದಿಲ್ಲ, ನಿಮಗೆ ಗೊತ್ತು. ಆಕೆ ಮಾರನೆಯ ದಿನವೇ ಕರೆದರು. ಹಾಲಿನ ಹಣ ಮಾತ್ರ ಅವರ ಖಾತೆಗೆ ಹೋಗಿ ಅಲ್ಲೇ ನಿಂತಿತು. ಮರಣ ಪತ್ರ, ವಾರಸುದಾರರ ಪತ್ರ ಎಂದು ಎರಡು ತಿಂಗಳು ಓಡಾಟ. ಅಷ್ಟರಲ್ಲಿ ಪಶು ಆಹಾರಕ್ಕೆ, ಮಕ್ಕಳ ಫೀಸಿಗೆ ಎಂದು ಲೀಲಾವತಿಯನ್ನು ಬಂದ ಬೆಲೆಗೆ ಮಾರಿದರು. ಲಾರಿ ಹತ್ತಿಸುವಾಗ ನಾನಿರಲಿಲ್ಲ, ಒಳ್ಳೆಯದೇ ಆಯಿತು.

ತಪ್ಪು ಅವರದೊಂದೇ ಅಲ್ಲ. ವಿಮೆಗೆ ಕಿವಿಯೋಲೆ ಹಾಕಿದವರು ಯಾರು? ನಾನೇ. ಹಸುವಿನ ತಲೆಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದವರು ಆಕೆ. ನಾನು ಓಲೆಯ 12 ಅಂಕಿಯ ಸಂಖ್ಯೆ ಬರೆದುಕೊಂಡು "ಯಜಮಾನರ ಹೆಸರೇನು?" ಎಂದೆ. ಗಂಡನ ಹೆಸರು ಹೇಳಲು ನಾಚಿ ಆಕೆ ಚಿಕ್ಕ ಮಗಳನ್ನು ಕೂಗಿದರು. ಅವರು ಬಾಗಿಲಲ್ಲಿ ನಿಂತು "ಒಂದ್ಸಲ ಹೇಳೇ, ಕೇಳೋಣ" ಎಂದು ಛೇಡಿಸಿದರು. ಎಲ್ಲರೂ ನಕ್ಕೆವು. ಹಸು ಯಾರದು ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಓದಿದವರ ಹಣೆಬರಹವೂ ಹೀಗೇ. ಆ ಹೆಸರನ್ನು ಆಕೆ ಮೊದಲ ಬಾರಿ ಗಟ್ಟಿಯಾಗಿ ಹೇಳಿದ್ದು ಬ್ಯಾಂಕಿನ ಕಿಟಕಿಯ ಮುಂದೆ, ಮರಣ ಪತ್ರ ಹಿಡಿದುಕೊಂಡು.

ಹಾಲು ಕರೆಯುವವರ ಹೆಸರಿನಲ್ಲೇ ಸದಸ್ಯತ್ವ ಮತ್ತು ಖಾತೆ ಇರಬೇಕು ಎಂಬುದು ನನ್ನ ಅಭಿಪ್ರಾಯ. "ಗಂಡ ಗಟ್ಟಿಮುಟ್ಟಾಗಿರುವಾಗ ಇದೇನು ಅಪಶಕುನದ ಮಾತು" ಎಂದು ಕೆಲವರು ನನ್ನನ್ನು ಗದರಿದ್ದಾರೆ. ಸಾವಿನ ಮಾತು ಬಿಡಿ. ಸದಸ್ಯತ್ವ ನಿಮ್ಮದಾದರೆ ಸಂಘದ ಸಭೆಯಲ್ಲಿ ಮೇವಿನ ಬಗ್ಗೆ, ಫ್ಯಾಟಿನ ಬಗ್ಗೆ ಕೇಳುವ ಹಕ್ಕೂ ನಿಮ್ಮದು. ಗಂಡನ ಹೆಸರನ್ನೇ ಉಳಿಸುವುದಾದರೆ ನಾಮಿನಿ ಯಾರೆಂದು ಕಾರ್ಯದರ್ಶಿಯ ಹತ್ತಿರ ಈ ವಾರವೇ ನೋಡಿಸಿ. ಬ್ಯಾಂಕಿನಲ್ಲೂ ನೋಡಿಸಿ. ಗಂಡಂದಿರು ಇದನ್ನು ಓದುತ್ತಿದ್ದರೆ, ನೀವೇ ಕರೆದುಕೊಂಡು ಹೋಗಿ.

ಕಾಲುಬಾಯಿ ಜ್ವರದ ಲಸಿಕೆಗೆ ನಾವು ನಿಮ್ಮ ಕೊಟ್ಟಿಗೆಗೆ ಬರುತ್ತೇವೆ. ಆಗ ನಾನು ಹಸು ಯಾರದು ಎಂದು ಕೇಳುತ್ತೇನೆ. ಮಗಳನ್ನು ಕೂಗಬೇಡಿ.