ರಾಗವೂ ಒಂದು ಓದು

ನವೆಂಬರ್ ಬಂತೆಂದರೆ ನಮ್ಮ ಸಾಂಸ್ಕೃತಿಕ ಪುಟಗಳಲ್ಲಿ ಹಳೆಯ ಜಗಳವೊಂದು ಮತ್ತೆ ಹೊತ್ತಿಕೊಳ್ಳುತ್ತದೆ. ಡ್ರಮ್ಸ್ ಸದ್ದಿನಲ್ಲಿ ತತ್ವಪದ ಉಳಿಯುವುದುಂಟೇ ಎಂದು ಸುಗಮ ಸಂಗೀತದ ಹಿರಿಯರು ಕೇಳುತ್ತಾರೆ. ಜಾನಪದವನ್ನು ಕಾಪಾಡಿದ್ದೇ ನಾವು ಎಂದು ಫ್ಯೂಷನ್ ತಂಡಗಳ ಅಭಿಮಾನಿಗಳು ಎದೆ ತಟ್ಟಿಕೊಳ್ಳುತ್ತಾರೆ. ಇಬ್ಬರ ನಡುವೆ ಹಾಡನ್ನು ಕೂತು ಕೇಳುವ ಕೆಲಸ ಮಾತ್ರ ಹಾಗೇ ಉಳಿದುಬಿಡುತ್ತದೆ. ಈ ಜಗಳದಲ್ಲಿ ಮತ್ತೆ ಮತ್ತೆ ಹೆಸರಾಗುವುದು 2008ರಲ್ಲಿ ಹೊರಬಂದ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಮ್ ‘ಅಂತರಾಗ್ನಿ’. ಅರವತ್ತು ಪುಟದ ಕವನ ಸಂಕಲನಕ್ಕೆ ನಾಲ್ಕು ಪುಟದ ವಿಮರ್ಶೆ ಬರೆಸುವ ನಮ್ಮ ಸಾಹಿತ್ಯ ಪತ್ರಿಕೆಗಳು ಇಂಥ ಆಲ್ಬಮ್ಮನ್ನು ಮನರಂಜನೆಯ ಮೂಲೆಗೆ ತಳ್ಳಿ ಕೈತೊಳೆದುಕೊಂಡವು. ಅದು ತಪ್ಪು. ಕವಿತೆಗೆ ರಾಗ ಹಾಕುವುದೂ ಕವಿತೆಯನ್ನು ಓದುವ ಒಂದು ಬಗೆ. ಆ ಓದಿಗೆ ವಿಮರ್ಶೆಯ ಗೌರವ ಸಲ್ಲಬೇಕು.

ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯ ಕಲಿತ ರಘು ದೀಕ್ಷಿತ್ ಎಂಬ ಹುಡುಗ ವಿದ್ಯಾರ್ಥಿ ದೆಸೆಯಲ್ಲಿ ಹಿಡಿದ ಗಿಟಾರು ತೊಂಬತ್ತರ ದಶಕದ ಕೊನೆಗೆ ‘ಅಂತರಾಗ್ನಿ’ ಎಂಬ ತಂಡವಾಯಿತು. ಆ ತಂಡದ ಹೆಸರೇ ಮುಂದೆ ಆಲ್ಬಮ್ಮಿನ ಹೆಸರಾಯಿತು. ನಡುವೆ ಕಳೆದದ್ದು ಕಂಪನಿಗಳ ಬಾಗಿಲು ತಟ್ಟಿದ ವರ್ಷಗಳು. ಕೊನೆಗೆ ಬಾಗಿಲು ತೆರೆದದ್ದು ಮುಂಬೈಯಲ್ಲಿ, ಹಿಂದಿ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿಯ ಲೇಬಲ್ಲಿನಿಂದ. ಮುಂದೆ ಬಿಬಿಸಿಯ ವೇದಿಕೆ, 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಎಲ್ಲವೂ ಬಂದವು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ಗಾಯಕನ ಚಿತ್ರ ನಮ್ಮ ಪತ್ರಿಕೆಗಳಲ್ಲೂ ಅಚ್ಚಾಯಿತು. ಆದರೆ ಆತ ತತ್ವಪದಕಾರ ಶಿಶುನಾಳ ಶರೀಫರ ಎರಡು ಪದಗಳಿಗೆ ಏನು ಮಾಡಿದ ಎಂಬ ಮುಖ್ಯ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ಕಡಿಮೆ.

‘ಗುಡುಗುಡಿಯ ಸೇದಿ ನೋಡೋ’ ಪದವನ್ನೇ ತೆಗೆದುಕೊಳ್ಳಿ. ಶರೀಫರು (1819–1889) ಬಿಟ್ಟುಹೋದದ್ದು ಪದಗಳನ್ನು, ಸ್ವರಲಿಪಿಯನ್ನಲ್ಲ. ಏಕತಾರಿ, ದಮ್ಮಡಿ ಹಿಡಿದ ಭಜನಾ ಮೇಳಗಳು ಊರಿಗೊಂದು ಧಾಟಿಯಲ್ಲಿ ಅವನ್ನು ಉಳಿಸಿಕೊಂಡು ಬಂದವು. ಸುಗಮ ಸಂಗೀತದ ಗಾಯಕ ಸಿ. ಅಶ್ವತ್ಥ್ ತಮ್ಮದೇ ಧಾಟಿ ಕೊಟ್ಟು ಅವನ್ನು ಮನೆಮನೆಗೆ ಮುಟ್ಟಿಸಿದರು. ಇವತ್ತು ಮೂಲ ಧಾಟಿ ಎಂದು ನಾವು ಪಟ್ಟು ಹಿಡಿಯುವುದು ಹೆಚ್ಚಾಗಿ ಅಶ್ವತ್ಥರ ಧಾಟಿಯನ್ನೇ. ಇನ್ನು ಆ ಪದದ ಒಳಗೆ ಹೋದರೆ ಅಲ್ಲಿ ಎರಡು ದನಿಗಳಿವೆ. ಒಂದು, ಬಾ, ಒಂದು ದಮ್ಮು ಎಳೆದು ನೋಡು ಎನ್ನುವ ಸಂತೆಯ ಆಸಾಮಿಯ ಆಮಿಷ. ಇನ್ನೊಂದು, ಆ ಆಮಿಷದ ಬೆನ್ನಿಗೇ ಕೇಳುಗನನ್ನು ದೇಹದ ಆಚೆಗೆ ಕರೆದೊಯ್ಯುವ ಸಾಧಕನ ಎಚ್ಚರ. ಭಜನೆಯ ಧಾಟಿಯಲ್ಲಿ ಎಚ್ಚರ ಮೊದಲು ಕೇಳಿಸುತ್ತದೆ. ಇದು ತತ್ವ ಎಂದು ಗೊತ್ತಿದ್ದೇ ನಾವು ಕೂರುತ್ತೇವೆ. ರಘು ದೀಕ್ಷಿತ್ ಗಿಟಾರಿನ ಓಟದಲ್ಲಿ ಆಮಿಷಕ್ಕೆ ಮೈ ತುಂಬುತ್ತಾರೆ. ಕೇಳುಗ ಮೊದಲು ಕುಣಿಯುತ್ತಾನೆ, ಆಮೇಲೆ ತಾನು ಕುಣಿದದ್ದು ಯಾವುದಕ್ಕೆ ಎಂದು ಯೋಚಿಸುತ್ತಾನೆ. ಆಮಿಷ ನಿಜವಾಗದೆ ಆ ಪದದ ವೈರಾಗ್ಯಕ್ಕೂ ಬೆಲೆಯಿಲ್ಲ. ಇದಕ್ಕೆ ತೆತ್ತ ಬೆಲೆಯೂ ಉಂಟು: ಅರ್ಥ ಬಿಚ್ಚಿಕೊಳ್ಳುವ ನುಡಿಗಳು ವೇಗದಲ್ಲಿ ಜಾರಿಹೋಗುತ್ತವೆ. ಆದರೆ ಇದನ್ನು ಹೇಳಲಿಕ್ಕೂ ಮೊದಲು ಅದನ್ನೊಂದು ಓದು ಎಂದು ಒಪ್ಪಬೇಕಾಗುತ್ತದೆ.

ವಾದ್ಯ ಪರದೇಶಿ, ಆದ್ದರಿಂದ ಹಾಡು ಕೆಟ್ಟಿತು ಎನ್ನುವವರು ಗುಬ್ಬಿಯ ಕಡೆ ಒಮ್ಮೆ ನೋಡಲಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ರಂಗಗೀತೆಗಳಿಗೆ ಬೆನ್ನೆಲುಬಾಗಿದ್ದ ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಪಾರ್ಸಿ ಕಂಪನಿಗಳ ಮಟ್ಟುಗಳನ್ನು ನಮ್ಮ ಕಂಪನಿ ನಾಟಕಗಳು ಸಂಕೋಚವಿಲ್ಲದೆ ಎತ್ತಿಕೊಂಡವು. ಅದೇ ಹಾರ್ಮೋನಿಯಮ್ಮನ್ನು ಆಕಾಶವಾಣಿ 1940ರಲ್ಲಿ, ಭಾರತೀಯ ಸಂಗೀತಕ್ಕೆ ಹೊಂದದ ವಾದ್ಯವೆಂದು ಹೊರಗಿಟ್ಟಿತು. ನಿಷೇಧ ಸಡಿಲವಾಗಲು ಮೂವತ್ತು ವರ್ಷ ಹಿಡಿಯಿತು. ಇಂದು ಹಾರ್ಮೋನಿಯಂ ಇಲ್ಲದ ಭಜನಾ ಮಂದಿರ ನಮ್ಮ ತುಮಕೂರು ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಪಿಟೀಲು ಕರ್ನಾಟಕ ಸಂಗೀತಕ್ಕೆ ಬಂದದ್ದೂ ಹೀಗೆಯೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಕದ್ರಿ ಗೋಪಾಲನಾಥ್ ಅದನ್ನು ಕಛೇರಿಯ ವಾದ್ಯ ಮಾಡಿದ್ದೂ ಹೀಗೆಯೇ. ತುಮಕೂರಿನ ಕಲಾಕ್ಷೇತ್ರಕ್ಕೆ ಗುಬ್ಬಿ ಕಂಪನಿಯನ್ನು ನಡೆಸಿದ ವೀರಣ್ಣನವರ ಹೆಸರಿಟ್ಟು, ಅಲ್ಲಿಯೇ ನಿಂತು ಗಿಟಾರನ್ನು ಬೈಯುವುದು ವೀರಣ್ಣನವರಿಗೆ ಮಾಡುವ ಮರ್ಯಾದೆಯಲ್ಲ.

ಆಲ್ಬಮ್ಮಿನಲ್ಲಿ ಬಹುಪಾಲು ಹಿಂದಿ ಮತ್ತು ಇಂಗ್ಲಿಷ್, ಇದರಲ್ಲಿ ಕನ್ನಡದ ಹೆಮ್ಮೆ ಏನು ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಆ ಕೊರಗು ನಮಗೂ ಇದೆ. ಆದರೆ ಅದರ ಹೊಣೆಯನ್ನು ಹಾಡುಗಾರನೊಬ್ಬನ ತಲೆಗೆ ಕಟ್ಟುವುದು ಅನ್ಯಾಯ. 1978ರಲ್ಲೇ ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತದ ‘ನಿತ್ಯೋತ್ಸವ’ ಕ್ಯಾಸೆಟ್ ತಂದು, ಸಿನಿಮಾದ ಹಂಗಿಲ್ಲದೆ ಕವಿತೆ ಮನೆಮನೆಗೆ ಹೋಗಬಲ್ಲದೆಂದು ತೋರಿಸಿದ ಭಾಷೆ ಇದು. ಆ ದಾರಿಯನ್ನು ಮುಂದಿನ ತಲೆಮಾರಿಗೆ ತೆರೆದಿಟ್ಟಿದ್ದರೆ ಮೈಸೂರಿನ ತಂಡವೊಂದು ಮುಂಬೈಗೆ ಅಲೆಯಬೇಕಿರಲಿಲ್ಲ. ನಾವು ಹಳೆಯ ಕ್ಯಾಸೆಟ್ಟುಗಳನ್ನೇ ಪ್ರಮಾಣವೆಂದು ಸ್ಥಾಪಿಸಿ, ಹೊಸ ಧಾಟಿಗೆ ಜಾಗ ಕೊಡದೆ, ಈಗ ಹುಡುಗರು ಹಿಂದಿಯಲ್ಲಿ ಹಾಡುತ್ತಾರೆ ಎಂದು ಹಲುಬುತ್ತಿದ್ದೇವೆ.

ಹಾಗೆಂದು ಫ್ಯೂಷನ್ ಅಭಿಮಾನಿಗಳ ಬೀಗುವಿಕೆಗೂ ನಮ್ಮ ಒಪ್ಪಿಗೆಯಿಲ್ಲ. ಶರೀಫರನ್ನು ಯಾರೂ ಉದ್ಧಾರ ಮಾಡಬೇಕಿಲ್ಲ. ಕುಣಿಗಲ್ ಕೆರೆಯ ಹಾಡು ಯಾವ ಬ್ಯಾಂಡಿಗೂ ಕಾಯದೆ, ಬರೆದವರ ಹೆಸರೂ ಇಲ್ಲದೆ, ಬಾಯಿಂದ ಬಾಯಿಗೆ ನಾಡೆಲ್ಲ ಸುತ್ತಿದೆ. ಕಾಡುಗೊಲ್ಲರ ಗಣೆ ಎಂಬ ಉದ್ದನೆಯ ಕೊಳಲಿನಿಂದ ಒಂದು ತುಣುಕು ನಾದ ತಂದು ಹಾಡಿನ ಮೊದಲಿಗೆ ಅಂಟಿಸಿ, ಅವರ ವೀರ ಜುಂಜಪ್ಪನ ಕಾವ್ಯವನ್ನು ರಾತ್ರಿಯಿಡೀ ಹಾಡುವ ಕಲಾವಿದನ ಹೆಸರನ್ನೂ ಹಾಕದಿದ್ದರೆ ಅದು ಕಳವು. ‘ಅಂತರಾಗ್ನಿ’ಯ ಶರೀಫ್ ಪದಗಳು ಆ ಜಾತಿಯವಲ್ಲ. ಅಲ್ಲಿ ಪದ ಒಗ್ಗರಣೆಯಾಗಿ ಬಂದಿಲ್ಲ, ಇಡೀ ಹಾಡು ಅದರ ಮೇಲೆಯೇ ನಿಂತಿದೆ. ಮೈಸೂರಿನ ಗಾಯಕ ಶರೀಫರ ಇನ್ನೊಂದು ಪದ ‘ಸೋರುತಿಹುದು ಮನೆಯ ಮಾಳಿಗಿ’ಯ ‘ಮಾಳಿಗಿ’ಯನ್ನು ತನ್ನ ಊರಿನ ನಾಲಿಗೆಗೆ ತಿದ್ದಿಕೊಳ್ಳದೆ ಹಾಗೆಯೇ ಹಾಡಿದ್ದಾರೆ. ಒಳ್ಳೆಯದನ್ನೂ ಕಳಪೆಯನ್ನೂ ಬೇರ್ಪಡಿಸುವ ಈ ಕೆಲಸ ಯಾರದು? ವಿಮರ್ಶೆಯದು. ಅದು ಮೌನವಾಗಿರುವುದರಿಂದಲೇ ಎರಡೂ ಕಡೆಯವರ ಕೂಗು ಇಷ್ಟು ಜೋರಾಗಿದೆ.

ನಮ್ಮ ಕಾಲೇಜುಗಳಲ್ಲಿ ಈ ಮೌನಕ್ಕೆ ನಿಯಮದ ರೂಪವೇ ಇದೆ. ವಿಶ್ವವಿದ್ಯಾಲಯಗಳ ಯುವಜನೋತ್ಸವದ ಪಟ್ಟಿಯಲ್ಲಿ ಪಾಶ್ಚಾತ್ಯ ಗಾಯನ ಒಂದು ವಿಭಾಗ, ಲಘು ಗಾಯನ ಇನ್ನೊಂದು, ಜಾನಪದ ವಾದ್ಯವೃಂದ ಮತ್ತೊಂದು. ಗಿಟಾರು ಹಿಡಿದು ಕನ್ನಡದ ಸ್ವಂತ ಹಾಡು ಕಟ್ಟುವ ಗುಬ್ಬಿಯ ಅಥವಾ ಕುಣಿಗಲ್ಲಿನ ತಂಡ ಯಾವ ವಿಭಾಗಕ್ಕೆ ಹೆಸರು ಕೊಡಬೇಕು? ತುಮಕೂರು ವಿಶ್ವವಿದ್ಯಾಲಯ ತನ್ನ ಮಟ್ಟದಲ್ಲಾದರೂ ಸ್ವಂತ ಕನ್ನಡ ಹಾಡಿಗೆ, ಯಾವ ವಾದ್ಯಕ್ಕೂ ತಡೆಯಿಲ್ಲದ ಒಂದು ವಿಭಾಗ ತೆರೆಯಲಿ. ತೀರ್ಪುಗಾರರಲ್ಲಿ ಒಬ್ಬ ಕವಿ ಇರಲಿ. ಈ ಸಂಚಿಕೆಯ ಲೇಖನಗಳು ಹಾಡು ಮತ್ತು ಪಠ್ಯದ ಸಂಬಂಧ ಕುರಿತವು. ಮುಂದಿನ ಸಂಚಿಕೆಯಿಂದ ನಮ್ಮ ಪುಸ್ತಕ ವಿಮರ್ಶೆಯ ಪುಟಗಳಲ್ಲೇ, ಪುಸ್ತಕಗಳ ಪಕ್ಕದಲ್ಲೇ, ಕನ್ನಡ ಆಲ್ಬಮ್ಮುಗಳ ವಿಮರ್ಶೆಯೂ ಬರುತ್ತದೆ. ಮೆಚ್ಚುವವರು ಮೆಚ್ಚಲಿ, ಖಂಡಿಸುವವರು ಖಂಡಿಸಲಿ. ಎರಡನ್ನೂ ಹಾಡನ್ನು ಕೊನೆಯ ನುಡಿಯವರೆಗೆ ಕೇಳಿದ ಮೇಲೆಯೇ ಬರೆಯಬೇಕೆಂಬುದು ನಮ್ಮ ಒಂದೇ ಷರತ್ತು.