ದೂರದ ಮಗಳೂ ತಂದೆಯ ಕರ್ತವ್ಯವೂ

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ತಂದೆಯಂದಿರು ಹೆಣ್ಣುಮಕ್ಕಳಲ್ಲಿ ಪ್ರೀತಿಯಿಲ್ಲದವರೆಂದು ಯಾರೂ ಹೇಳಲಾರರು. ಗೌರಿಹಬ್ಬ ಸಮೀಪಿಸಿತೆಂದರೆ ಕೊಟ್ಟ ಮನೆಯಲ್ಲಿರುವ ಮಗಳಿಗೆ ಬಾಗಿನವನ್ನೋ ಅರಿಸಿನ ಕುಂಕುಮದ ಹಣವನ್ನೋ ಕಳುಹಿಸದ ತವರು ಈ ಕಡೆ ವಿರಳ. ಕಬ್ಬು ಭತ್ತಗಳ ನಡುವೆ ಬಾಳು ಸವೆಸಿದ ಮಿತಭಾಷಿಯಾದ ರೈತನು, ಬಸ್ಸು ಹತ್ತುವ ಮಗಳ ಚೀಲಕ್ಕೆ ನಾಲ್ಕು ಅಚ್ಚು ಬೆಲ್ಲವನ್ನು ತುರುಕಿ ಮುಖ ತಿರುಗಿಸಿಕೊಂಡರೆ, ಆ ಮೌನದ ಅರ್ಥವನ್ನು ಮಗಳು ಬಲ್ಲಳು.

ಈಗ ಮಗಳು ದೂರ ಹೋಗುವುದು ಮದುವೆಯಿಂದ ಮಾತ್ರವಲ್ಲ. ದಾದಿಯಾಗಿ, ಉಪಾಧ್ಯಾಯಿನಿಯಾಗಿ, ಕಚೇರಿಯ ಉದ್ಯೋಗಸ್ಥೆಯಾಗಿ, ಗಾರ್ಮೆಂಟ್ಸ್ ಕಾರ್ಖಾನೆಯ ಕೆಲಸಗಾತಿಯಾಗಿ ಬೆಂಗಳೂರು ಮೈಸೂರುಗಳಲ್ಲಿಯೂ ಹೊರದೇಶಗಳಲ್ಲಿಯೂ ಅವಳು ದುಡಿಯುತ್ತಿದ್ದಾಳೆ. 2023ರಲ್ಲಿ ಉದ್ಘಾಟನೆಗೊಂಡ ಹೆದ್ದಾರಿಯು ಮಂಡ್ಯ ಮದ್ದೂರುಗಳನ್ನು ರಾಜಧಾನಿಗೆ ಹತ್ತಿರ ತಂದಿದೆ. ರೈಲಿಲ್ಲದ ಮಳವಳ್ಳಿಯ ತಂದೆಗೂ ಮೊಬೈಲಿನಲ್ಲಿ ಮಗಳ ಧ್ವನಿ ಕೇಳುತ್ತದೆ. ಊರು ಹೀಗೆ ಹತ್ತಿರವಾದಂತೆ ಮನೆಯಲ್ಲಿ ಅವಳ ಸ್ಥಾನವೂ ಭದ್ರವಾಯಿತೇ?

ಹಬ್ಬಕ್ಕೆ ಬಾಗಿನ ಕಳುಹಿಸಿದ ಕೈಯೇ, ಜಮೀನು ಭಾಗವಾಗುವ ದಿನ ಹಕ್ಕು ಬಿಡುಗಡೆ ಪತ್ರವನ್ನು ಅವಳ ಮುಂದೆ ಹಿಡಿಯುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ರುಜು ಹಾಕದಿದ್ದರೆ ತವರೇ ತಪ್ಪಿಹೋದೀತೆಂಬ ಅಂಜಿಕೆಯಿಂದ ಅವಳು ಹಾಕುತ್ತಾಳೆ. ಇದು ವಾತ್ಸಲ್ಯವೆನಿಸಲಾರದು.

ಹೆಣ್ಣಿನ ಪಾಲೆಂಬುದು ನಿನ್ನೆಯ ಮಾತಲ್ಲ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಗಂಡು ಹೆಣ್ಣು ಮಕ್ಕಳಿಗೆ ಸಮಭಾಗವೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಕಾಯಿದೆ ಮಾಡಿತ್ತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳು ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳೆಂದು 2005ರ ತಿದ್ದುಪಡಿ ಸಾರಿತು. ತಿದ್ದುಪಡಿಯ ಕಾಲಕ್ಕೆ ತಂದೆ ಜೀವಿಸಿರಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು.

“ಓದಿಸಿದೆವು, ಸಾಲ ಮಾಡಿ ಮದುವೆ ಮಾಡಿದೆವು, ಇನ್ನು ಪಾಲೇಕೆ?” ಎಂದು ಕೇಳುವವರುಂಟು. ಮಗನನ್ನೂ ಓದಿಸಲಿಲ್ಲವೇ? ಅವನಿಂದ ಬಿಡುಗಡೆ ಪತ್ರ ಕೇಳಿದವರಾರು? ಇರುವ ಒಂದೆರಡು ಎಕರೆ ಹರಿದು ಹಂಚಿಹೋಗುವುದೆಂಬ ಚಿಂತೆ ನಿಜವಾದುದೇ. ಹೊಲವನ್ನು ಉಳುವ ಅಣ್ಣನಿಗೆ ತನ್ನ ಭಾಗವನ್ನು ಬಿಟ್ಟುಕೊಡುವ ಔದಾರ್ಯವೂ ಹೆಣ್ಣುಮಕ್ಕಳಲ್ಲುಂಟು. ಆದರೆ ಅದು ಎಲ್ಲವನ್ನೂ ತಿಳಿದು ಸ್ವಸಂತೋಷದಿಂದ ಕೊಟ್ಟದ್ದಾಗಿರಬೇಕು. ಮಗಳು ಪರರ ಸೊತ್ತೆಂಬ ಭಾವನೆ ಎಂತಹ ಪಾಪಕ್ಕೆ ಎಳೆದೊಯ್ಯಬಲ್ಲುದೆಂಬುದನ್ನು, 2023ರಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಬಯಲಾದ ಭ್ರೂಣಲಿಂಗ ಪತ್ತೆಯ ದುಷ್ಕೃತ್ಯವು ನಮಗೆ ತೋರಿಸಿದೆ.

ಆದುದರಿಂದ ಪೋಷಕ ಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೆ. ಕಷ್ಟವನ್ನು ಹೇಳಿಕೊಂಡು ಬಂದ ಮಗಳಿಗೆ “ಹೊಂದಿಕೊಂಡು ಹೋಗು” ಎಂಬುದೊಂದೇ ಉತ್ತರವಾಗದಿರಲಿ. ಅವಳು ಬಂದು ನಿಲ್ಲಲು ಮನೆಯಲ್ಲಿ ಸ್ಥಳವಿರಲಿ. ಮುಂದಿನ ಹಬ್ಬಕ್ಕೆ ಅವಳು ಬಂದಾಗ ಪಹಣಿ ಪತ್ರಗಳನ್ನು ಮಗನೆದುರಿಗೆ ಬಿಡಿಸುವಂತೆಯೇ ಅವಳೆದುರಿಗೂ ಬಿಡಿಸಿ ಅಭಿಪ್ರಾಯ ಕೇಳಿರಿ. ಈ ಶಾಲೆಯಲ್ಲಿ ಓದಿದ ಸೋದರಿಯರೇ, ನೀವೂ ಓದಿ ತಿಳಿಯದೆ ಯಾವ ಕಾಗದಕ್ಕೂ ರುಜು ಹಾಕಬೇಡಿರಿ. ಹಾಗೆ ನಡೆದ ಮನೆಯಲ್ಲಿ ಬಾಗಿನದ ಮೊರಕ್ಕೂ ಅದರ ಪೂರ್ಣವಾದ ಅರ್ಥ ಬರುವುದೆಂದು ನಂಬಿದ್ದೇನೆ.