ಮಿತವ್ಯಯದ ಗಣಕಯಂತ್ರ

ವಿನ್ಯಾಸದ ಕಾಯಕ ಕಲಿಯುವ ಮಗಳು, ಆಟ ಬಯಸುವ ಮಗ, ಮಿತವಾದ ಹಣ. ಇಂದು ಎಷ್ಟೋ ಶರಣ ಕುಟುಂಬಗಳ ಸ್ಥಿತಿಯಿದು. ಬಿಡಿಭಾಗಗಳನ್ನು ಕೊಂಡು ಜೋಡಿಸುವವರು ಬಣ್ಣದ ದೀಪಗಳ ಗಾಜಿನ ಪೆಟ್ಟಿಗೆಗೆ ಮರುಳಾಗಬಾರದು. ಅದು ಇರುವುದು ಮೇಜಿನ ಕೆಳಗೆ ತಾನೆ! ಗ್ರಾಫಿಕ್ಸ್ ಒಳಗೊಂಡ ಪ್ರೊಸೆಸರ್, ಉದಾಹರಣೆಗೆ 2021ರಲ್ಲಿ ಬಂದ ಎಎಂಡಿ ರೈಜನ್ 5 5600ಜಿ, ಚಿತ್ರ ತಿದ್ದುವುದಕ್ಕೂ ಪುಟವಿನ್ಯಾಸಕ್ಕೂ ಸಾಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನೂ ಭಾರಿ ಆಟಗಳನ್ನೂ ಮುಂದಿನ ವರ್ಷಕ್ಕೆ ಇಡಬಹುದು. ಇಂಥ ಗ್ರಾಫಿಕ್ಸ್ ಯಂತ್ರದ ಮುಖ್ಯ ಮೆಮೊರಿಯನ್ನೇ ಹಂಚಿಕೊಳ್ಳುವುದರಿಂದ, 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಲೇಸು. ಕಡತಗಳಿಗೆ ಎಸ್‌ಎಸ್‌ಡಿ ಇರಲಿ. ಜಿಪುಣತನ ಸಲ್ಲದ ಭಾಗವೆಂದರೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್. ಹೆಸರಿಲ್ಲದ ಅಗ್ಗದ್ದು ಸುಟ್ಟರೆ ಮದರ್‌ಬೋರ್ಡನ್ನೂ, ಕೆಲವೊಮ್ಮೆ ಮಗಳ ತಿಂಗಳ ಶ್ರಮವನ್ನೂ ಜೊತೆಗೊಯ್ಯಬಲ್ಲದು. ಮುಂದೆ ಕಾರ್ಡು ಸೇರಿಸುವ ಲೆಕ್ಕದಲ್ಲಿ ಈಗಲೇ 550 ವ್ಯಾಟಿನದನ್ನು ಕೊಳ್ಳಿರಿ. ಬಿಲ್ಲನ್ನೂ ಖಾತರಿ ಪತ್ರವನ್ನೂ ಕೇಳಿ ಪಡೆಯಿರಿ.